ತಿರುವಲ್ಲಿಕ್ಕೇಣಿಯಲ್ಲಿ ಸಂಡಿಗೆ ಕಾಯ್ದ ಬೇಸಿಗೆ

ಬೆಂಗಳೂರಿನ ಕಡೆಯಿಂದ ಬರುವ ರೈಲು ಚೆನ್ನೈ ಸೆಂಟ್ರಲ್ ಸೇರುವ ಮೊದಲು ಬೇಸಿನ್ ಬ್ರಿಡ್ಜಿನ ಬಳಿ ಸ್ವಲ್ಪ ಹೊತ್ತು ನಿಂತು ಯೋಚನೆ ಮಾಡುತ್ತದೆ, ಒಳಗೆ ಹೋಗುವುದೋ ಬೇಡವೋ ಎಂದು. ಪ್ರಯಾಣಿಕರು ಚೀಲ ಇಳಿಸಿಕೊಂಡು, ಚಪ್ಪಲಿ ಹುಡುಕಿಕೊಂಡು, ಬಾಗಿಲ ಬಳಿ ಸಾಲುಗಟ್ಟಿ, ಆಮೇಲೆ ಮಾಡಲು ಏನೂ ಇಲ್ಲದೆ ಒಬ್ಬರ ಬೆನ್ನನ್ನು ಒಬ್ಬರು ನೋಡುತ್ತ ನಿಲ್ಲುವ ಆ ಗಳಿಗೆಯಲ್ಲಿ ತೆರೆದ ಬಾಗಿಲಿನಿಂದ ಒಂದು ವಾಸನೆ ಒಳಗೆ ಬರುತ್ತದೆ. ಕಾಲುವೆಯ ಕೆಸರು, ಕಾದ ಕಬ್ಬಿಣ, ಯಾರದೋ ಮುಡಿಯ ಮಲ್ಲಿಗೆ, ಇವೆಲ್ಲದರ ಮೇಲೆ ತೆಳ್ಳಗೆ ಸವರಿದ ಉಪ್ಪು. ಸಭ್ಯರು ಕರವಸ್ತ್ರ ಹುಡುಕುತ್ತಾರೆ. ಕಳೆದ ಜನವರಿಯಲ್ಲಿ ನಾನು ಆ ಬಾಗಿಲಲ್ಲಿ ನಿಂತು ಅದನ್ನು ಎದೆ ತುಂಬ ಎಳೆದುಕೊಂಡೆ. ಹಿಂದಿನಿಂದ ನನ್ನ ಹೆಂಡತಿ ಕುಮುದಾ, "ಸಾಕು, ಉಳಿದವರಿಗೂ ಸ್ವಲ್ಪ ಬಿಡಿ" ಎಂದಳು.

ನಾನು ಚೆನ್ನೈಯಲ್ಲಿ ವಾಸವಿದ್ದದ್ದು ಒಂದೇ ಒಂದು ವರ್ಷ, ಬ್ಯಾಂಕಿನ ನೌಕರಿಯ ಕೊನೆಯ ವರ್ಷ. ಆದರೂ ಚಿತ್ರದುರ್ಗದ ನಮ್ಮ ಬಡಾವಣೆಯಲ್ಲಿ ಆ ಊರಿನ ವಿಷಯಕ್ಕೆ ನಾನೇ ಸರ್ವಾಧಿಕಾರಿ. ಕಣ್ಣು ತೋರಿಸಲು ಹೋಗುವವರು, ಮದುವೆಯ ಸೀರೆಗೆ ಹೋಗುವವರು, ಸಮುದ್ರ ನೋಡದೆ ಸಾಯಬಾರದೆಂದು ಹೊರಟವರು, ಎಲ್ಲರೂ ಗೇಟಿನ ಬಳಿ ನಿಂತು ಕೇಳುತ್ತಾರೆ: "ಸಾರ್, ಏನೇನು ನೋಡಬೇಕು?" ನಾನು ಕನ್ನಡಕ ಒರೆಸಿಕೊಂಡು ಹೇಳುತ್ತೇನೆ. ಮೊದಲು ಪರಕ್ಕುಂ ರಯಿಲಿನಲ್ಲಿ ಕೂತುಕೊಳ್ಳಿ. ಹಾರುವ ರೈಲು ಎಂದು ಜನ ಅದಕ್ಕೆ ಇಟ್ಟ ಹೆಸರು; ಕಂಬಗಳ ಮೇಲೆ ಓಡುತ್ತದೆಯೇ ಹೊರತು ಹಾರುವುದಿಲ್ಲ. ನಿಲ್ದಾಣಗಳು ಒಂದು ಜಿಲ್ಲೆಯ ಜನ ಹಿಡಿಸುವಷ್ಟು ದೊಡ್ಡವು. ಮಧ್ಯಾಹ್ನ ಹೋದರೆ ಇಡೀ ಜಿಲ್ಲೆಯ ಪರವಾಗಿ ನೀವೊಬ್ಬರೇ ಇರುತ್ತೀರಿ. ಮೆರೀನಾಕ್ಕೆ ಬೆಳಕು ಹರಿಯುವಾಗ ಹೋಗಿ. ಭಾನುವಾರ ಸಂಜೆ ಹೋಗುವುದಾದರೆ ದೇಶದ ಜನಸಂಖ್ಯೆಯ ಬಗ್ಗೆ ನಿಮಗೆ ಏನಾದರೂ ಸಂಶಯವಿದ್ದರೆ ಮಾತ್ರ ಹೋಗಿ. ಮೈಲಾಪುರದ ಕೊಳದ ಸುತ್ತ, ಬಾಳೆಹೂವಿನ ರಾಶಿಗಳ ನಡುವೆ, ಏನೂ ಕೊಳ್ಳುವ ಉದ್ದೇಶವಿಲ್ಲದವರಂತೆ ಒಂದು ಸುತ್ತು ಹಾಕಿ. ಕಾಫಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅದು ಸಿಕ್ಕೇ ಸಿಗುತ್ತದೆ.

ಇಷ್ಟು ಹೇಳಿ ನಿಲ್ಲಿಸುತ್ತೇನೆ. ಹಿಂದೆ ಇದಕ್ಕಿಂತ ಉದ್ದವಾಗಿ, ಇತಿಹಾಸ ಭೂಗೋಳ ಸಮೇತ ಹೇಳುತ್ತಿದ್ದೆ. ಆ ಪ್ರಾಚೀನ ಪದ್ಧತಿ ಒಂದು ಬೇಸಿಗೆಯಲ್ಲಿ ತಿರುವಲ್ಲಿಕ್ಕೇಣಿಯ ಒಂದು ತಾರಸಿಯ ಮೇಲೆ ಅಂತ್ಯ ಕಂಡಿತು.

ಬ್ಯಾಂಕಿನ ಅಧಿಕಾರಿ ಸರ್ಕಾರಿ ಶಾಲೆಯ ಮೇಡಂನನ್ನು ಮದುವೆಯಾದರೆ ಆ ಮದುವೆ ರೈಲ್ವೆ ವೇಳಾಪಟ್ಟಿಯ ಮೇಲೆ ನಡೆಯುತ್ತದೆ. ಕುಮುದಾ ಚಿತ್ರದುರ್ಗದ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಿದ್ದಳು. ಮೊದಲ ಕೆಲವು ವರ್ಷ ಅವಳು ದೀರ್ಘ ರಜೆ ಹಾಕಿ ನನ್ನ ಜೊತೆ ರಾಯಚೂರಿನಲ್ಲಿ ಇದ್ದಳು. ಆಮೇಲೆ ಮಗಳ ಶಾಲೆ, ಅವಳ ಶಾಲೆ, ನನ್ನ ಬಡ್ತಿ. ನಾನು ಕರ್ನೂಲಿಗೆ, ಕೊಲ್ಹಾಪುರಕ್ಕೆ, ರಾಯಪುರಕ್ಕೆ ಹೋದೆ; ಅವಳು ಇದ್ದಲ್ಲೇ ಇದ್ದಳು. ಯುಗಾದಿಗೆ, ಗಣಪತಿ ಹಬ್ಬಕ್ಕೆ, ದೀಪಾವಳಿಗೆ ನಾನು ಊರಿಗೆ ಬರುತ್ತಿದ್ದೆ. ನೆಂಟರೆಲ್ಲ ನಮ್ಮನ್ನು ಒಂದು ದಿನವೂ ಜಗಳವಾಡದ ಆದರ್ಶ ದಂಪತಿ ಎಂದು ಹೊಗಳುತ್ತಿದ್ದರು. ನಿಜ ಏನೆಂದರೆ ಜಗಳಕ್ಕೆ ರಜೆ ಸಾಲುತ್ತಿರಲಿಲ್ಲ. ಮಗಳು ಓದು ಮುಗಿಸಿ ಪುಣೆಯಲ್ಲಿ ಸಂಸಾರ ಹೂಡಿದ ಮೇಲೆ ನಾವಿಬ್ಬರೂ ಎರಡು ಸ್ವತಂತ್ರ ಸಂಸ್ಥಾನಗಳಂತೆ, ಪರಸ್ಪರ ಗೌರವದಿಂದ, ದಿನಕ್ಕೊಂದು ಫೋನ್ ಕರೆಯ ರಾಜತಾಂತ್ರಿಕ ಸಂಬಂಧ ಇಟ್ಟುಕೊಂಡು ಬಾಳಿದೆವು.

ಹೀಗಿರುವಾಗ ನನ್ನನ್ನು ಚೆನ್ನೈಯ ಮಾಧವರಂ ಶಾಖೆಗೆ, ಹಾಲಿನ ಡೈರಿಯ ಆಚೆಗೆ, ಕೊನೆಯ ಬಾರಿ ವರ್ಗ ಮಾಡಿದರು. ಡಿಸೆಂಬರಿಗೆ ನನ್ನ ನಿವೃತ್ತಿ. ಅದೇ ವರ್ಷ ಮಾರ್ಚ್ ಕೊನೆಗೆ ಕುಮುದಾ ನಿವೃತ್ತಳಾದಳು. ಶಾಲೆಯವರು ಹೊದಿಸಿದ ಶಾಲು ಇನ್ನೂ ಮಡಿಕೆ ಬಿಚ್ಚಿರಲಿಲ್ಲ, ಫೋನಿನಲ್ಲಿ ಹೇಳಿದಳು:

"ಬರ್ತೀನಿ. ಒಂದೂವರೆ ತಿಂಗಳು ನೋಡೋಣ."

"ಏನು ನೋಡೋದು?"

"ಎಲ್ಲ."

ಬರುವ ಟಿಕೆಟ್ಟಿನ ಜೊತೆಗೇ ಹೋಗುವ ಟಿಕೆಟ್ಟನ್ನೂ ತೆಗೆಸಿದ್ದಳು. ನಾನು ಆ ದಿನ ಶಾಖೆಯಿಂದ ಮನೆಗೆ ಬರುವವರೆಗೆ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಒಂದೇ ಸೂರಿನಡಿ ಇಬ್ಬರೂ ಇರಬಲ್ಲೆವೇ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ಚೆನ್ನೈಯಲ್ಲಿ ಆಗದಿದ್ದರೆ ನಿವೃತ್ತಿಯ ಮೇಲೆ ಚಿತ್ರದುರ್ಗದಲ್ಲಿ ಆಗುತ್ತದೆ ಎಂದು ನಂಬಲು ಕಾರಣವಿರಲಿಲ್ಲ. ಅಲ್ಲಿ ಅವಳ ಮನೆಗೆ ನಾನು ಹಬ್ಬಕ್ಕೆ ಬಂದು ಹೋಗುವ ಅತಿಥಿ; ಅತಿಥಿ ಒಮ್ಮೆಗೇ ಖಾಯಮ್ಮಾಗಿ ಬಂದು ಕೂತರೆ ಯಾರಿಗೆ ಸಂತೋಷ?

ಮನೆಯ ವಿಷಯ ಹೇಳಬೇಕು. ಕೆಲಸ ಮಾಧವರಂನಲ್ಲಿ ಇಟ್ಟುಕೊಂಡು ಊರಿನ ಇನ್ನೊಂದು ತುದಿಯ ತಿರುವಲ್ಲಿಕ್ಕೇಣಿಯಲ್ಲಿ ಮನೆ ಹಿಡಿದದ್ದಕ್ಕೆ ಸಹೋದ್ಯೋಗಿಗಳು ನನ್ನನ್ನು ಸ್ವಲ್ಪ ಅನುಮಾನದಿಂದ ನೋಡುತ್ತಿದ್ದರು. ನನಗೆ ಸಮುದ್ರ ನಡೆದು ಹೋಗುವಷ್ಟು ದೂರದಲ್ಲಿ ಬೇಕಿತ್ತು. ಮತ್ತೆ ಮನೆಯ ಯಜಮಾನಿ ರುಕ್ಕು ಮಾಮಿ ಕನ್ನಡದವರು. ಮೊದಲ ದಿನವೇ ಅದನ್ನು ಸಾರಿದ್ದರು: "ನಾವು ಕನ್ನಡದವರು ತಾನೆ ಸಾರ್. ನಮ್ಮ ಮುತ್ತಾತ ಶ್ರೀರಂಗಪಟ್ಟಣದಿಂದ ಬಂದೋರು. ಆತ್ತಲ್ಲಿ ಕನ್ನಡ ತಾನ್ ಮಾತಾಡೋದು, ವೇರೆ ಪೇಚ್ಚೇ ಇಲ್ಲೆ." ಮನೆಯಲ್ಲಿ ಬೇರೆ ಮಾತೇ ಇಲ್ಲವೆಂಬುದನ್ನು ಅರ್ಧ ತಮಿಳಿನಲ್ಲಿ ತಿಳಿಸಿದ್ದರು. ಕೆಳಗಿನ ಮನೆಯಲ್ಲಿ ಮಾಮಿ, ಅವರ ಕಾಲೇಜು ಓದುವ ಮೊಮ್ಮಗಳು. ಅಜ್ಜಿ ಕನ್ನಡದಲ್ಲಿ ಬೈದರೆ ಮೊಮ್ಮಗಳು ತಮಿಳಿನಲ್ಲಿ ತಿರುಗಿಸಿ ಉತ್ತರ ಕೊಡುತ್ತಿದ್ದಳು; ಅರ್ಥವಾಗದೆ ಉಳಿದದ್ದು ಏನೂ ಇರಲಿಲ್ಲ.

ಕುಮುದಾಳ ಆಗಮನಕ್ಕೆ ನಾನು ಸಿದ್ಧತೆ ಮಾಡಿದೆ. ಮೂವತ್ತು ವರ್ಷ ಶಾಖೆಗೆ ಬಂದ ಗಣ್ಯರನ್ನು ಸತ್ಕರಿಸಿದ ಕೈ ಇದು. ಸಮುದ್ರದ ಕಡೆಯ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟೆ. ಹೊಸ ಬೆಡ್‌ಶೀಟು, ಬಿಚ್ಚದ ಸೋಪು, ಮುಚ್ಚಳದ ಹೂಜಿ, ಮೇಜಿನ ಮೇಲೆ ಇಂಗ್ಲಿಷ್ ಪೇಪರು, ಕನ್ನಡ ಪೇಪರು. ಸೆಂಟ್ರಲ್‌ನಲ್ಲಿ ಇಳಿದವಳ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, "ಪ್ರಯಾಣ ಸುಖಕರವಾಗಿತ್ತಾ?" ಎಂದು ಕೇಳಿದೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಇತ್ತು" ಎಂದಳು.

ಭಾನುವಾರಗಳು ಶುರುವಾದವು. ಟ್ಯಾಕ್ಸಿ ಹೇಳುತ್ತಿದ್ದೆ. ನನ್ನ ಪ್ರೀತಿಯ ಜಾಗಗಳನ್ನು ಒಂದೊಂದಾಗಿ ಅವಳ ಮುಂದೆ ಹಾಜರುಪಡಿಸಿದೆ. ಮೆರೀನಾದಲ್ಲಿ, ಇಷ್ಟು ಅಗಲದ ಮರಳು ಬೇರೆಲ್ಲೂ ಇಲ್ಲ ಎಂದು ವಿವರಿಸಿದೆ. "ಅದೇ, ಸಮುದ್ರ ತಲುಪೋ ಹೊತ್ತಿಗೆ ಸಮುದ್ರ ನೋಡೋ ಆಸೆ ತೀರಿರುತ್ತೆ" ಎಂದಳು. ಲೈಟ್‌ಹೌಸ್ ಹತ್ತಿಸಿದೆ. ಮೇಲಿನಿಂದ ನೋಡಿ, "ಚೆನ್ನಾಗಿದೆ" ಎಂದಳು. ಎಣ್ಣೂರಿನಲ್ಲಿ ನದಿ ಸಮುದ್ರಕ್ಕೆ ಸೇರುವ ಅಳಿವೆ ನನಗೆ ಬಹಳ ಇಷ್ಟ. ಒಂದು ಕಡೆ ಮೀನುಗಾರರ ದೋಣಿಗಳು, ಇನ್ನೊಂದು ಕಡೆ ವಿದ್ಯುತ್ ಸ್ಥಾವರದ ಚಿಮಣಿಗಳು, ನಡುವೆ ಯಾರ ಪರವೂ ವಹಿಸದ ಕೊಕ್ಕರೆಗಳು. ಅಲ್ಲಿಗೂ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದೆ. "ಚಿಮಣಿ ಎತ್ತರವಾಗಿದೆ" ಎಂದು ಒಪ್ಪಿಕೊಂಡಳು. ಚಿತ್ರದುರ್ಗದ ಬಿಸಿಲು ಕುಡಿದು ಬೆಳೆದವಳು, ಸೆಖೆಗೆ ಹೆದರುವವಳಲ್ಲ. ಆದರೂ ಒಮ್ಮೆ ಹೇಳಿದಳು: "ನಮ್ಮೂರಲ್ಲಿ ಬಿಸಿಲು ಸುಡುತ್ತೆ. ಇಲ್ಲಿ ಬೇಯಿಸ್ತಾರೆ."

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಆ ಊರಿನ ಅತ್ಯಮೂಲ್ಯ ವಸ್ತುವೆಂದು ನಾನು ಎಣಿಸಿದ್ದು ಕಡಲ ಗಾಳಿ. ಬೇಸಿಗೆಯ ಮಧ್ಯಾಹ್ನ, ಊಟ ಮುಗಿದು ಇನ್ನು ಬದುಕಿರಲು ಸಾಧ್ಯವಿಲ್ಲ ಎನ್ನಿಸುವ ಹೊತ್ತಿಗೆ, ಪೂರ್ವದ ಕಿಟಕಿಯ ಪರದೆ ಒಮ್ಮೆ ಉಬ್ಬುತ್ತದೆ. ಬೀದಿಗೆ ಬೀದಿಯೇ "ಅಪ್ಪಾಡಾ" ಎಂದು ಉಸಿರು ಬಿಡುತ್ತದೆ. ಇದನ್ನು ಅವಳಿಗೆ ತೋರಿಸಬೇಕೆಂದು ನಾನು ಪ್ರತಿ ಭಾನುವಾರ ತಯಾರಾಗಿ ಕೂರುತ್ತಿದ್ದೆ. ಪ್ರತಿ ಭಾನುವಾರವೂ ಗಾಳಿ ರಜೆ ಹಾಕಿತು. ಪಡುವಣದ ಒಣಗಾಳಿ ಜೋರಾಗಿದ್ದರೆ ಕಡಲ ಗಾಳಿ ದಡದಾಚೆಯೇ ನಿಂತುಬಿಡುತ್ತದೆ. ನಾನು ಕಿಟಕಿಯ ಪರದೆಯನ್ನು, ಸಾಲ ವಸೂಲಿಗೆ ಹೋದವನು ಸಾಲಗಾರನ ಬಾಗಿಲು ನೋಡುವಂತೆ ನೋಡುತ್ತಿದ್ದೆ. "ಬರುತ್ತೆ" ಎನ್ನುತ್ತಿದ್ದೆ. "ಬರಲಿ ಬಿಡಿ" ಎನ್ನುತ್ತಿದ್ದಳು.

ಮನೆಯೊಳಗೆ ಇಬ್ಬರೂ ಬಹಳ ಮರ್ಯಾದೆಯಿಂದ ನಡೆದುಕೊಂಡೆವು. ಬಡಿಸುವಾಗ "ಸಾಕಾ?" "ಸಾಕು." ಸ್ನಾನಕ್ಕೆ "ನೀವು ಮೊದಲು ಹೋಗಿ." "ಇಲ್ಲ, ನೀನು ಹೋಗು." ಅವಳು ಬೇಗ ಮಲಗುವವಳು, ನಾನು ತಡವಾಗಿ ಉಣ್ಣುವವನು, ಅವಳು ನನಗಾಗಿ ಕಣ್ಣು ತೂಗುತ್ತ ಕಾಯುತ್ತಿದ್ದಳು, ನಾನು ಅವಳಿಗಾಗಿ ಹಸಿವಿಲ್ಲದೆ ಬೇಗ ಉಣ್ಣುತ್ತಿದ್ದೆ. ಇಬ್ಬರಿಗೂ ಅಜೀರ್ಣ. ಅವಳು ನಗುವುದು ನನಗೆ ಕೇಳಿಸುತ್ತಿದ್ದದ್ದು ಕೆಳಗಿನ ಮನೆಯಿಂದ ಮಾತ್ರ. ನಾನು ಶಾಖೆಯಿಂದ ಬಂದು ಮೆಟ್ಟಿಲು ಹತ್ತುವಾಗ ಮಾಮಿಯ ಅಡುಗೆಮನೆಯಲ್ಲಿ ಇಬ್ಬರೂ ಏನೋ ಹೇಳಿಕೊಂಡು ನಗುತ್ತಿರುತ್ತಿದ್ದರು. ನಾನು ಬಂದೆನೆಂದು ಗೊತ್ತಾದರೆ ಕುಮುದಾ ಎದ್ದು ಬಂದು, "ಕಾಫಿ ಮಾಡಲಾ?" ಎನ್ನುತ್ತಿದ್ದಳು. ತಪ್ಪಿಯೂ ಅಲ್ಲೇ ಕೂತಿರುತ್ತಿರಲಿಲ್ಲ.

ಮೇ ತಿಂಗಳ ಕತ್ತಿರಿ ಬಿಸಿಲು ಬಂತು. ಅಗ್ನಿ ನಕ್ಷತ್ರದ ಆ ದಿನಗಳಲ್ಲಿ ಊರು ಬಿಡಬಲ್ಲವರು ಬಿಡುತ್ತಾರೆ. ಕುಮುದಾಳ ರೈಲು ಮುಂದಿನ ಶುಕ್ರವಾರ. ನಾನು ಏನೂ ಕೇಳಲಿಲ್ಲ, ಅವಳು ಏನೂ ಹೇಳಲಿಲ್ಲ. ಗಣ್ಯರನ್ನು ಬರಿಗೈಯಲ್ಲಿ ಕಳಿಸಿದ ಅಪವಾದ ನನಗೆ ಬೇಡವೆಂದು, ರೈಲಿಗೆ ಒಂದು ಮೈಸೂರುಪಾಕಿನ ಡಬ್ಬ ತಂದು ಅವಳ ಪೆಟ್ಟಿಗೆಯ ಪಕ್ಕ ಇಟ್ಟೆ.

ಆ ವಾರದ ಶನಿವಾರ ಬ್ಯಾಂಕಿಗೆ ರಜೆ. ಕೊನೆಯ ಕಾರ್ಯಕ್ರಮವಾಗಿ ಪುಲಿಕಾಟ್ ಸರೋವರ ಎಂದು ಯೋಚಿಸಿ ಟ್ಯಾಕ್ಸಿಗೆ ಹೇಳಲು ಹೊರಟಿದ್ದೆ. ಕುಮುದಾ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದೊಡ್ಡ ಪಾತ್ರೆಯಲ್ಲಿ ಅಕ್ಕಿಹಿಟ್ಟಿನ ಗಂಜಿ ತಿರುವುತ್ತಿದ್ದಳು.

"ಇವತ್ತು ಎಲ್ಲೂ ಇಲ್ಲ. ಮಾಮಿಗೆ ನಮ್ಮ ಕಡೆ ಸಂಡಿಗೆ ಮಾಡಿ ಕೊಡ್ತೀನಿ ಅಂದಿದ್ದೀನಿ."

"ನಾನು?"

"ನೀವು ಕಾಗೆ ಓಡಿಸಿ."

ಮಾಮಿ ಮೆಟ್ಟಿಲ ಬುಡದಿಂದ ಸೂಚನೆ ಕೊಟ್ಟರು: "ಗಾಳಿ ಬರೋಕ್ ಮುಂಚೆ ಎಲ್ಲ ಒಳಗೆ ಎತ್ತಿಡಬೇಕು ಮಾ. ಕಡಲ್ ಗಾಳಿ ಪಟ್ಟರೆ ನಮತ್ತು ಹೋಗತ್ತೆ, ಮೆತ್ತಗೆ ಆಗಿಡತ್ತೆ. ನಿಮ್ಮ ಆತ್ತುಕಾರರಿಗೂ ಹೇಳಿ."

ಆತ್ತುಕಾರರು, ಅಂದರೆ ಮನೆಯವರು, ಗಾಳಿಯ ವಿಷಯದಲ್ಲಿ ಆಶೆ ಬಿಟ್ಟು ಬಹಳ ದಿನವಾಗಿತ್ತು.

ಹೀಗೆ ಒಂದು ರಾಷ್ಟ್ರೀಕೃತ ಬ್ಯಾಂಕಿನ ಮುಖ್ಯ ಪ್ರಬಂಧಕನು ತಲೆಗೆ ಒದ್ದೆ ಟವಲು ಸುತ್ತಿ, ಕೈಯಲ್ಲಿ ಕೊಡೆ ಹಿಡಿದು, ತಾರಸಿಯ ಮೇಲೆ ಕಾಗೆಗಳ ವಿರುದ್ಧ ಅಧಿಕಾರ ವಹಿಸಿಕೊಂಡನು. ಕುಮುದಾ ನನ್ನ ಹಳೆಯ ಪಂಚೆಯನ್ನು ಒದ್ದೆ ಮಾಡಿ ಹಾಸಿ, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟು, ಚಕ್ಕುಲಿ ಒರಳಿನಿಂದ ಸಂಡಿಗೆ ಒತ್ತಿದಳು. ಗಣಿತದ ಮೇಡಂ, ಜಾಗ ಪೋಲು ಮಾಡುವವಳಲ್ಲ. ಅಂಚಿನ ಎಳೆಯವರೆಗೂ ಒತ್ತಿದಳು. ತಿರುವಲ್ಲಿಕ್ಕೇಣಿಯ ಕಾಗೆಗಳು ಸಾಮಾನ್ಯದವಲ್ಲ. ಪಾರ್ಥಸಾರಥಿ ಗುಡಿಯ ಪ್ರಸಾದ ತಿಂದು ಬೆಳೆದವು. ಒಂದು ನನ್ನ ಎದುರಿಗೆ ಕೂತು ನನ್ನ ಗಮನ ಸೆಳೆಯುತ್ತಿತ್ತು, ಇನ್ನೊಂದು ಹಿಂದಿನಿಂದ ಬರುತ್ತಿತ್ತು. ನಾನು ನೀರಿನ ಟ್ಯಾಂಕಿನ ನೆರಳಿಗೆ ಸ್ಟೂಲು ಎಳೆದುಕೊಂಡೆ. ಅದರ ಎರಡು ಕಾಲು ಮೋಟು. ಪಂಚೆಯ ಪೂರ್ವದ ಎರಡು ಮೂಲೆಯಿಂದ ಇಟ್ಟಿಗೆ ತಂದು ಅವುಗಳ ಕೆಳಗೆ ಕೊಟ್ಟು ಸಮ ಮಾಡಿಕೊಂಡೆ. ಎಲೆ ಅಲುಗದ ದಿನ. ಇಟ್ಟಿಗೆಗೆ ಅಲ್ಲೇನು ಕೆಲಸ ಎಂಬುದು ನನ್ನ ವಾದ.

ಊಟದ ಮೇಲೆ ಕುಮುದಾ ಸಂಡಿಗೆ ಒಣಗಿದ್ದು ಎಷ್ಟೆಂದು ಮುಟ್ಟಿ ನೋಡಲು ಬಂದಳು. ಬಗ್ಗಿದ್ದಳು ಅಷ್ಟೇ. ಸಮುದ್ರದ ಕಡೆಯಿಂದ, ಅಷ್ಟೂ ಭಾನುವಾರಗಳ ಬಾಕಿ ಒಟ್ಟಿಗೇ ತೀರಿಸುವಂತೆ, ಗಾಳಿ ಬಂತು.

ಪಂಚೆಯ ಪೂರ್ವದ ಅಂಚು ಹಾವಿನಂತೆ ಹೆಡೆ ಎತ್ತಿತು. ಅವಳು ಒಂದು ಮೂಲೆ ಹಿಡಿದಳು. ನಾನು ಸ್ಟೂಲಿನಿಂದ ಎದ್ದು ಓಡಿ, ಮಂಡಿಯೂರಿ ಇನ್ನೊಂದು ಮೂಲೆ ಹಿಡಿದೆ. ಯಾರು ಬಿಟ್ಟರೂ ಬೆಳಗಿನ ಶ್ರಮವೆಲ್ಲ ಮಗುಚಿ ಬೀಳುವುದು ಖಂಡಿತ. ಮೇಲೆ ಕೂರೋಣವೆಂದರೆ ಅಂಚಿನವರೆಗೂ ಹಸಿ ಸಂಡಿಗೆ.

"ಇಟ್ಟಿಗೆ ಎಲ್ಲಿ?" ಎಂದಳು.

ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ಎರಡೂ ಇಟ್ಟಿಗೆ ಸ್ಟೂಲಿನ ಕೆಳಗೆ, ಅವಳ ಕಣ್ಣೆದುರಿಗೇ, ನಿರಾಳವಾಗಿ ಕೂತಿದ್ದವು.

"ಮಾಮಿಯನ್ನ ಕರೀರಿ."

"ಮಾಮೀ," ಎಂದೆ.

"ಹಾಗೆ ಕರೆದರೆ ನಿಮ್ಮ ಕ್ಯಾಷಿಯರೂ ಬರಲ್ಲ."

"ಮಲಗಿದ್ದಾರೆ ಪಾಪ."

"ಸರಿ. ಅವರು ಏಳೋವರೆಗೂ ಹಿಡ್ಕೊಂಡಿರಿ."

ಹಿಡಿದುಕೊಂಡೆವು. ಟವಲು ಹಾರಿ ಪಕ್ಕದ ಮನೆಗೆ ಹೋಯಿತು. ಕಾಗೆಗಳು ಗೋಡೆಯ ಮೇಲೆ ಸಾಲಾಗಿ ಕೂತು ನೋಡುತ್ತಿದ್ದವು. ಗಾಳಿ ಮಾತ್ರ ಎಂಥ ತಂಪು! ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಇದೇ ನೋಡು ಕಡಲ ಗಾಳಿ. ನಾನು ಹೇಳ್ತಿದ್ದೆನಲ್ಲ, ನೆಲ ಕಾದು, ಬಂಗಾಳ ಕೊಲ್ಲಿಯಿಂದ..."

"ಒಂದು ಮಾತು ಕೇಳ್ಲಾ?"

"ಕೇಳು."

"ರಾಯಚೂರಲ್ಲಿದ್ದಾಗ ಇನ್ಸ್‌ಪೆಕ್ಷನ್‌ಗೆ ಒಬ್ಬರು ಬಂದಿದ್ರಲ್ಲ, ದಪ್ಪ ಮೀಸೆ. ದಿನಾ ಸಂಜೆ ಅವರನ್ನ ಒಂದೊಂದು ಗುಡಿಗೆ ಕರ್ಕೊಂಡು ಹೋಗ್ತಿದ್ರಿ. ನನ್ನ ಕೈಲಿ ಎರಡು ಸಲ ಹೋಳಿಗೆ ಮಾಡಿಸಿದ್ರಿ."

"ಒಳ್ಳೇ ರಿಪೋರ್ಟ್ ಬರೆದರು ಅವರು."

"ಇಷ್ಟೆಲ್ಲ ಯಾಕೆ ಮಾಡ್ತೀರಿ ಅಂತ ಆಗ ಕೇಳಿದ್ದೆ. ಏನು ಹೇಳಿದ್ರಿ?"

ನೆನಪಿತ್ತು. ಬ್ಯಾಂಕಿನಲ್ಲಿ ಪ್ರತಿಯೊಬ್ಬ ಕಿರಿಯ ಅಧಿಕಾರಿಗೂ ಮೊದಲ ವರ್ಷವೇ ಹಿರಿಯರು ಕಿವಿಯಲ್ಲಿ ಹೇಳಿಕೊಡುವ ಮಂತ್ರ ಅದು. ಬಂದವರನ್ನು ಊರೆಲ್ಲ ಸುತ್ತಿಸಬೇಕು. ಶಾಖೆಯೊಂದನ್ನು ಬಿಟ್ಟು ಬೇರೆಲ್ಲವನ್ನೂ ತೋರಿಸಬೇಕು.

"ಸಂತೋಷವಾಗಿ, ಬೇಗ ಹೊರಡಲಿ ಅಂತ," ಎಂದೆ.

"ಹ್ಞೂಂ. ಬಂದ ದಿನದಿಂದ ನೋಡ್ತಾ ಇದ್ದೀನಿ. ಹೊಸ ಬೆಡ್‌ಶೀಟು, ಬಿಚ್ಚದ ಸೋಪು, ಪ್ರಯಾಣ ಸುಖಕರವಾಗಿತ್ತಾ ಅನ್ನೋ ವಿಚಾರಣೆ. ಮೊನ್ನೆ ಮೈಸೂರುಪಾಕೂ ಬಂತು. ನನಗೇನೂ ಬೇಜಾರಿಲ್ಲ ರೀ. ಒಬ್ಬರೇ ಇದ್ದು ಅಭ್ಯಾಸ ಆಗಿರುತ್ತೆ. ನನಗೂ ಆಗಿದೆ. ನಿಮಗೆ ಹಾಗೇ ಚೆನ್ನ ಅನ್ನಿಸಿದ್ರೆ ಹೇಳಿ, ನಾನು ಸಂತೋಷವಾಗೇ ಹೊರಡ್ತೀನಿ."

ನಾನು ಪಂಚೆಯ ಮೂಲೆಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಇಷ್ಟು ದಿನ ನಾನು ಊರಿಗೆ ಪರೀಕ್ಷೆ ನಡೆಯುತ್ತಿದೆ ಎಂದು ತಿಳಿದು, ಊರಿನ ಪರವಾಗಿ ವಕಾಲತ್ತು ಮಾಡುತ್ತಿದ್ದೆ. ಅವಳು ನೋಡಲು ಬಂದದ್ದು ಶಾಖೆಯನ್ನು, ಅಂದರೆ ನಮ್ಮ ಮನೆಯನ್ನು, ನನ್ನನ್ನು. ನಾನು ಅದೊಂದನ್ನು ಬಿಟ್ಟು ಬೇರೆಲ್ಲವನ್ನೂ ತೋರಿಸಿದ್ದೆ.

ನಮ್ಮ ಇಷ್ಟು ವರ್ಷದ ಬಾಳಿನಲ್ಲಿ ಎಷ್ಟೋ ಪ್ಲಾಟ್‌ಫಾರ್ಮುಗಳ ಮೇಲೆ ಒಬ್ಬರು ಕಿಟಕಿಯ ಒಳಗೆ, ಒಬ್ಬರು ಹೊರಗೆ ನಿಂತಿದ್ದೇವೆ. ಹುಷಾರು ಎಂದಿದ್ದೇವೆ. ತಲುಪಿದ ಮೇಲೆ ಫೋನ್ ಮಾಡು ಎಂದಿದ್ದೇವೆ. ನೀರಿನ ಬಾಟಲಿ ಇದೆಯಾ ಎಂದು ಕೇಳಿದ್ದೇವೆ. ಒಂದು ಮಾತನ್ನು ಇಬ್ಬರೂ ಹೇಳಿರಲಿಲ್ಲ. ಸರ್ಕಾರದ ಆದೇಶ, ಬ್ಯಾಂಕಿನ ಆದೇಶ. ಹೇಳಿ ಏನು ಪ್ರಯೋಜನ ಎಂದು ಬಿಟ್ಟದ್ದು, ಆದೇಶಗಳೆಲ್ಲ ಮುಗಿದ ಮೇಲೂ ಹಾಗೇ ಉಳಿದಿತ್ತು.

"ಹೋಗಬೇಡ," ಎಂದೆ.

ಅವಳು ತನ್ನ ಮೂಲೆ ಹಿಡಿದೇ ನನ್ನ ಕಡೆ ತಿರುಗಿದಳು.

"ಬೇಗನೂ ಬೇಡ, ನಿಧಾನವಾಗೂ ಬೇಡ. ಇಲ್ಲೇ ಇರು."

ಗಾಳಿಗೆ ಅವಳ ಕೂದಲು ಮುಖದ ತುಂಬ ಹರಡಿತ್ತು. ಸರಿಮಾಡಿಕೊಳ್ಳಲು ಕೈ ಬಿಡುವಿರಲಿಲ್ಲ.

"ಇದನ್ನ ಹೇಳೋಕೆ ನಿಮ್ಮ ಎರಡೂ ಕೈ ಕಟ್ಟಿಹಾಕಬೇಕಾಯ್ತಾ?"

"ನೀನೂ ಹೇಳಿರಲಿಲ್ಲ."

"ನಾನು ಮೇಷ್ಟ್ರು. ಉತ್ತರ ಹೇಳಿಕೊಡಲ್ಲ."

ಅಷ್ಟರಲ್ಲಿ ರುಕ್ಕು ಮಾಮಿ, ನಿದ್ದೆಗಣ್ಣಲ್ಲಿ, ಮೊರ ಹಿಡಿದು ಮೇಲೆ ಬಂದರು. ಮಂಡಿಯೂರಿ ಬಗ್ಗಿದ ನನ್ನನ್ನು ನೋಡಿ ನಿಂತರು. "ಏನು ಸಾರ್ ಇದು, ವಡಾಂಗೆ ನಮಸ್ಕಾರ ಮಾಡ್ತಿದ್ದೀರಾ?" ಸಂಡಿಗೆ ಅವರ ಬಾಯಲ್ಲಿ ವಡಾಂ. ಆಮೇಲೆ ಕಣ್ಣು ಇಟ್ಟಿಗೆಯ ಮೇಲೆ ಬಿತ್ತು, ಸ್ಟೂಲಿನ ಮೇಲೆ ಬಿತ್ತು. "ಶರಿ ಶರಿ," ಎಂದು ಎರಡೇ ಮಾತಿನಲ್ಲಿ ತೀರ್ಪು ಮುಗಿಸಿ, ಇಟ್ಟಿಗೆ ತಂದು ಮೂಲೆಗಳ ಮೇಲಿಟ್ಟರು. ಸಂಡಿಗೆ ಅರ್ಧ ಮೆತ್ತಗಾಗಿತ್ತು. ಮರುದಿನ, ಅದರ ಮರುದಿನ ಮತ್ತೆ ಒಣಗಿಸಿದರು. ಆ ಮಳೆಗಾಲವೆಲ್ಲ ನಾವು ಅದನ್ನು ಕರಿದು ತಿಂದೆವು. ನಡುನಡುವೆ ಹಲ್ಲಿಗೆ ಮೆರೀನಾ ಸಿಗುತ್ತಿತ್ತು.

ಕುಮುದಾ ಅಂದು ಇರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ನಾನು ಆ ವಾರವೆಲ್ಲ ಶಾಖೆಯಲ್ಲಿ ಚೆಕ್ಕುಗಳ ಮೇಲೆ ಸಹಿಯನ್ನು ತಪ್ಪು ಜಾಗದಲ್ಲಿ ಹಾಕಿದೆ. ಶುಕ್ರವಾರ ಬೆಳಿಗ್ಗೆ, ಅವಳ ರೈಲಿನ ದಿನ, ರಜೆ ಹಾಕಿ ಮನೆಯಲ್ಲಿ ಕೂತಿದ್ದೆ. ಅವಳು ಕೈಚೀಲ ಹಿಡಿದು ಹೊರಗೆ ಬಂದಳು. ಪೆಟ್ಟಿಗೆ ಇರಲಿಲ್ಲ, ಬರಿಯ ಕೈಚೀಲ.

"ಪಲ್ಲಾವರಂನಲ್ಲಿ ಶುಕ್ರವಾರ ಸಂತೆಯಂತೆ. ಮಾಮಿ ಹೇಳಿದ್ರು. ನಿಮಗೆ ಗೊತ್ತಾ ಅದು?"

ನನಗೆ ಗೊತ್ತಿರಲಿಲ್ಲ. ಇಡೀ ಚೆನ್ನೈಯಲ್ಲಿ ನನಗೆ ಗೊತ್ತಿಲ್ಲದ ಜಾಗವೊಂದನ್ನು ಅವಳು ಪತ್ತೆ ಮಾಡಿದ್ದಳು. ಲೋಕಲ್ ರೈಲಿನಲ್ಲಿ ಹೋದೆವು. ಅಲ್ಲಿ ಹಳೆಯ ಟೇಬಲ್ ಫ್ಯಾನು, ಒಂಟಿ ಬೂಟು, ಪಂಜರದ ಗಿಳಿ, ಗುಲಾಬಿ ಗಿಡ, ಯಾರೋ ಓಟದಲ್ಲಿ ಗೆದ್ದ ಬೆಳ್ಳಿಬಣ್ಣದ ಕಪ್, ಎಲ್ಲವೂ ಒಂದೇ ಬಿಸಿಲಿನಲ್ಲಿ ಸಮಾನತೆಯಿಂದ ಕೂತಿದ್ದವು. ನಾನು ಒಂದು ಮಾತೂ ವಿವರಿಸಲಿಲ್ಲ; ವಿವರಿಸಲು ಏನೂ ಗೊತ್ತಿರಲಿಲ್ಲ. ಕುಮುದಾ ಒಂದು ಮಲ್ಲಿಗೆ ಗಿಡಕ್ಕೆ ಕನ್ನಡದಲ್ಲಿ ಚೌಕಾಸಿ ಮಾಡಿದಳು, ಅಂಗಡಿಯಾಕೆ ತಮಿಳಿನಲ್ಲಿ ಮಾಡಿದಳು, ಇಬ್ಬರೂ ತಾವೇ ಗೆದ್ದೆವೆಂದು ನಗುತ್ತ ಬೇರೆಯಾದರು. ನನ್ನ ಗಡಿಯಾರದಲ್ಲಿ ರೈಲು ಹೊರಡುವ ಹೊತ್ತಾದಾಗ ನಾನು ಆ ಗಿಡ ಹೊತ್ತು ನಿಂತಿದ್ದೆ. ಅವಳು ಒಂದು ಹಳೆಯ ಇಸ್ತ್ರಿಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಮೈಸೂರುಪಾಕನ್ನು ಆ ಸಂಜೆ ಮಾಮಿಯ ಮನೆಯಲ್ಲಿ ಕೂತು ತಿಂದೆವು.

ಆಮೇಲೆ ಜಗಳ ಶುರುವಾಯಿತು. ಮೂವತ್ತು ವರ್ಷದ ಬಾಕಿ, ಚಕ್ರಬಡ್ಡಿ ಸಮೇತ. ಕಾಫಿಗೆ ಯಾರು ಎಷ್ಟು ಚಿಕೋರಿ ಎಂಬುದರಿಂದ ಹಿಡಿದು, ಮಗಳು ಹುಟ್ಟಿದಾಗ ನಾನು ತಡವಾಗಿ ಬಂದದ್ದರವರೆಗೆ, ಒಂದೊಂದೇ ವಿಷಯ ಮೇಜಿನ ಮೇಲೆ ಬಂತು. ಅವಳು ಅವಳ ಹೊತ್ತಿಗೆ ಉಂಡು ಮಲಗಿದಳು, ನಾನು ನನ್ನ ಹೊತ್ತಿಗೆ ಬಡಿಸಿಕೊಂಡು ಉಂಡೆ. ಅಜೀರ್ಣ ವಾಸಿಯಾಯಿತು. ಜುಲೈಯ ಒಂದು ಸಂಜೆ ಮೊದಲ ಗುಡುಗು ಮಳೆ ಬಂದಾಗ ನಾವು ಮಾತು ಬಿಟ್ಟಿದ್ದೆವು. ಆದರೂ ತಾರಸಿಯ ಬಟ್ಟೆ ತರಲು ಇಬ್ಬರೂ ಒಟ್ಟಿಗೇ ಓಡಿ, ಬಾಗಿಲಲ್ಲಿ ಒಬ್ಬರಿಗೊಬ್ಬರು ಸಿಕ್ಕಿಕೊಂಡು, ನಕ್ಕುಬಿಟ್ಟೆವು. ನವೆಂಬರಿನಲ್ಲಿ ಬೀದಿಯಲ್ಲಿ ಮೊಣಕಾಲು ನೀರು ನಿಂತಾಗ ಮಾಮಿಯ ಮನೆಯವರು ಮೇಲೆ ಬಂದು ನಮ್ಮೊಂದಿಗೇ ಇದ್ದರು. ಮೂರು ಹೆಂಗಸರೂ ಸೇರಿ ನನ್ನ ಬಗ್ಗೆ ಒಂದೇ ಅಭಿಪ್ರಾಯಕ್ಕೆ ಬಂದರು. ಡಿಸೆಂಬರಿಗೆ ನಿವೃತ್ತನಾದೆ. ಸಾಮಾನು ಲಾರಿಗೆ ಹೇರುವಾಗ, ಆ ಊರನ್ನು ಬಿಡಲು ನನಗಿಂತ ಹೆಚ್ಚು ತಡ ಮಾಡಿದವಳು ಅವಳು.

ಕಳೆದ ಜನವರಿಯ ಪ್ರವಾಸಕ್ಕೆ ದಾರಿ ತೋರಿಸಿದ್ದೂ ಅವಳೇ. ಹಾರುವ ರೈಲಿನಲ್ಲಿ ತಿರುವಾನ್ಮಿಯೂರಿಗೆ ಹೋಗಿ, ಪುಟ್ಟ ಕಡಲತೀರದಲ್ಲಿ ಸುಮ್ಮನೆ ಕೂತು, ಕಾಗದದ ಪೊಟ್ಟಣದಲ್ಲಿ ಬೇಯಿಸಿದ ಕಡಲೆಯ ಸುಂಡಲ್ ತಿಂದೆವು. ನಾನು ಬಂಗಾಳ ಕೊಲ್ಲಿಯ ಬಗ್ಗೆ ಏನೂ ಹೇಳಲಿಲ್ಲ. ಅದು ಅಲ್ಲೇ ಇತ್ತು.

ಆಮೇಲೆ ತಿರುವಲ್ಲಿಕ್ಕೇಣಿ. ರುಕ್ಕು ಮಾಮಿ ಸ್ವಲ್ಪ ಬಾಗಿದ್ದಾರೆ, ಮಾತು ಬಾಗಿಲ್ಲ. ಮೊಮ್ಮಗಳು ಇನ್ಷೂರೆನ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ, ಈಗಲೂ ತಮಿಳಿನಲ್ಲೇ ಉತ್ತರ ಕೊಡುತ್ತಾಳಂತೆ. ಹಿತ್ತಾಳೆ ಲೋಟದಲ್ಲಿ ಕಾಫಿ ಕೊಟ್ಟು, ಮಾಮಿ ಮೇಲಿನ ಮನೆಯ ಕಡೆ ಬೆರಳು ತೋರಿಸಿದರು.

"ಪೋರ್ಷನ್ ಖಾಲಿ ತಾನೆ ಇದೆ. ಯಾರಾದ್ರೂ ಇದ್ರೆ ಹೇಳಿ ಮಾ. ಒಳ್ಳೇ ಜನ ಬೇಕು."

"ಒಳ್ಳೇ ಜನ ಯಾರೂ ಗೊತ್ತಿಲ್ಲ ಮಾಮಿ," ಎಂದಳು ಕುಮುದಾ. "ನಾವೇ ಬರ್ತೀವಿ. ಏಪ್ರಿಲ್‌ಗೆ."

ನಾನು ಲೋಟ ಕೆಳಗಿಟ್ಟೆ. ಇದು ನನಗೂ ಹೊಸ ಸುದ್ದಿ.

"ಏಪ್ರಿಲಾ? ಕತ್ತಿರಿಗೆ ಊರೇ ಬಿಟ್ಟು ಓಡ್ತಾರೆ, ನೀವು ಬರ್ತೀರಾ? ಎಷ್ಟು ದಿವಸಕ್ಕೆ?"

ಕುಮುದಾ ನನ್ನ ಕಡೆ ತಿರುಗಿದಳು. "ನೀವು ಹೇಳಿ."

"ಹೊರಡೋ ತಾರೀಕು ಅಂತ ಏನೂ ಇಟ್ಟುಕೊಂಡಿಲ್ಲ ಮಾಮಿ," ಎಂದೆ.

"ಶರಿ," ಎಂದರು ಮಾಮಿ, ಮೊಳೆಯಿಂದ ಬೀಗದ ಕೈ ತೆಗೆಯುತ್ತ. "ನೀರು ಬೆಳಗ್ಗೆ ತಾನ್ ಬರೋದು. ಈಗ್ಲೇ ಹೇಳಿಬಿಟ್ಟೆ."

ಕುಮುದಾ ಬೀಗದ ಕೈ ಇಸಿದುಕೊಂಡು ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದಳು. "ಬನ್ನಿ," ಎಂದು ಮೇಲಿನಿಂದ ಕರೆದಳು, "ಯಾವ ಕಿಟಕಿ ಮುಚ್ಚೋಕೆ ಬರಲ್ಲ ಅಂತ ನೋಡಿಬಿಡೋಣ."